ಮೆಟಡೋರ್ ಸಂಸಾರ

ದಾಕ್ಷಾಯಿಣಿ ಪ್ರೇಮ್‌ಕುಮಾರನನ್ನು ಮೊದಲ ಸಲ ಮುಟ್ಟಿದ್ದು ಅವನ ಕೆನ್ನೆಗೆ ಬಾರಿಸುವಾಗ.

ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಪಕ್ಕ ನಂಜನಗೂಡಿಗೆ ಹೊರಟಿದ್ದ ಮೆಟಡೋರ್ ಸಂಜೆಯ ಜನದಿಂದ ಗಿಜಿಗುಡುತ್ತಿತ್ತು. ಅವಳು ಅಲ್ಲಿನ ಹೊಲಿಗೆ ತರಬೇತಿ ಕೇಂದ್ರದಲ್ಲಿ ಟೀಚರ್. ನಂಜನಗೂಡಿಗೆ ಬಂದು, ಅಲ್ಲಿಂದ ಇನ್ನೊಂದು ಗಾಡಿ ಹಿಡಿದು ಕಳಲೆಯ ಮನೆ ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗುತ್ತಿತ್ತು. ಅವತ್ತು ಬಾಗಿಲ ಹತ್ತಿರ ಒಂದು ಕಾಲೂರುವಷ್ಟು ಜಾಗ ಸಿಕ್ಕಿತ್ತು. ಯಾರದೋ ಬೆರಳು ಸೊಂಟ ಚಿವುಟಿತು. ಗರ್ರನೆ ತಿರುಗಿದಳು. ಬಾಗಿಲು ಎಳೆಯಲು ಕೈ ಚಾಚಿಕೊಂಡು ಒಬ್ಬ ನಿಂತಿದ್ದ. ಅವಳು ಯೋಚಿಸಲಿಲ್ಲ, ಕೈ ಬೀಸಿದಳು. ಗಾಜಿನ ಬಳೆ ಒಡೆದು ಅವನ ತುಟಿ ಸೀಳಿತು.

ಅವನೇ ಡ್ರೈವರ್. ಬಾಯಿಗೆ ಬಂದ ರಕ್ತವನ್ನು ಆಚೆ ಉಗಿದು ಅವಳನ್ನು ಒಂದು ಕ್ಷಣ ನೋಡಿದ. ನೋಟದಲ್ಲಿ ಸಿಟ್ಟಿರಲಿಲ್ಲ. ಬಾಗಿಲು ಹಾಕಿ, ಹೋಗಿ ತನ್ನ ಸೀಟಿನಲ್ಲಿ ಕೂತ.

ಊರು ದಾಟಿದ ಮೇಲೆ ಗಾಡಿ ನಿಂತಿತು. ಅವನು ಇಳಿದು ಬಂದವನೇ, ಅವಳ ಬೆನ್ನ ಹಿಂದೆ ಚೀಲ ತಬ್ಬಿಕೊಂಡು ಏನೂ ಅರಿಯದವನ ಹಾಗೆ ಕೂತಿದ್ದ ನಡುವಯಸ್ಸಿನವನೊಬ್ಬನ ಕಾಲರ್ ಹಿಡಿದು ರಸ್ತೆಗೆ ಎಳೆದ. "ಬಾಗಿಲು ಎಳೆಯುವಾಗ್ಲೇ ನಿನ್ ಕೈ ನೋಡ್ದೆ ಕಣಯ್ಯಾ" ಎಂದು ಒಂದು ಬಿಗಿದ. "ಇದು ಮೇಡಮ್ಮೋರ್ದು." ಇನ್ನೊಂದು ಬಿಗಿದ. "ಇದು ನಂದು."

ಆ ಮನುಷ್ಯ ಮೂಗು ಹಿಡಿದುಕೊಂಡು ಜಾಲಿ ಗಿಡದ ಬುಡದಲ್ಲಿ ಕುಸಿದ. ಮೆಟಡೋರ್ ಅವನನ್ನು ಅಲ್ಲೇ ಬಿಟ್ಟು ಹೊರಟಿತು. ದಾಕ್ಷಾಯಿಣಿ ನಂಜನಗೂಡಿನವರೆಗೂ ತಲೆ ಎತ್ತಲಿಲ್ಲ.

ಮಾರನೆಯ ದಿನ ಅವಳೇ ಮುಂದಿನ ಬಾಗಿಲ ಹತ್ತಿರ ಹೋಗಿ ನಿಂತಳು.

"ನಿನ್ನೆ ಏಟು ಜೋರಾಗಿ ಬಿತ್ತಾ?"

"ಏನಿಲ್ಲ ಮೇಡಂ. ಈ ಕಡೆ ಕಿವಿ ಕೇಳಿಸ್ತಿಲ್ಲ, ಅಷ್ಟೆ."

ಅವಳ ಮುಖ ಬಿಳಿಚಿಕೊಂಡಿತು. "ಡಾಕ್ಟರ ಹತ್ರ ಹೋದ್ರಾ?"

"ಹೋಗಿದ್ದೆ. ಹತ್ರ ಕೂತು ಮಾತಾಡಿದ್ರೆ ಸರಿಹೋಗ್ತದೆ ಅಂದ್ರು." ಅವನು ಗಂಭೀರವಾಗಿಯೇ ಪಕ್ಕದ ಸೀಟಿನ ಧೂಳು ಒರೆಸಿದ. ಊದಿದ ತುಟಿ ಮಾತ್ರ ನಗು ತಡೆದುಕೊಳ್ಳಲಾರದೆ ವಾರೆಯಾಯಿತು.

ಅವಳು ಹತ್ತಿ ಕೂತಳು. ಹೆಸರು ಕೇಳಿದಳು. ಪ್ರೇಮ್‌ಕುಮಾರ್ ಎಂದ.

"ನೀವೇ ಇಟ್ಕೊಂಡಿದ್ದಾ?"

"ನಮ್ಮವ್ವ ಇಟ್ಟಿದ್ದು ಮೇಡಂ. ಏನು ಕಂಡಿದ್ಲೋ ಏನೋ."

ಆಮೇಲೆ ಆ ಸೀಟು ಅವಳದೇ ಆಯಿತು. ಹಿಂದಿನವರಿಗೆ ಕಾಣದ ಹಾಗೆ ಅವನು ಕನ್ನಡಿಯನ್ನು ಒಂಚೂರು ತಿರುಗಿಸಿಟ್ಟಿದ್ದ. ಅವಳು ಕಿಟಕಿಯಾಚೆ ನೋಡುವಂತೆ ಕೂತು ಆ ಕನ್ನಡಿಯಲ್ಲೇ ಅವನನ್ನು ನೋಡುತ್ತಿದ್ದಳು. ಕಣ್ಣಿಗೆ ಕಣ್ಣು ಸಿಕ್ಕಿದಾಗ ಅವನು ಸುಮ್ಮನೆ ಹಾರ್ನ್ ಹೊಡೆಯುತ್ತಿದ್ದ. ಎದುರಿಗೆ ಒಂದು ನಾಯಿಯೂ ಇರುತ್ತಿರಲಿಲ್ಲ. ಅವನು ತಾಂಡವಪುರದವನು, ಕೂಲಿ ಮಾಡಿ ಸಾಕಿದ ದೊಡ್ಡಮಾದಯ್ಯನ ಮಗ, ಈ ಗಾಡಿಯನ್ನು ಸಾಲ ಮಾಡಿ ಕೊಂಡವನು, ಅವನ ಮನೆಯ ಗೋಡೆಯ ಮೇಲೆ ಅಂಬೇಡ್ಕರ್ ಮತ್ತು ಬುದ್ಧರ ಪಟಗಳಿವೆ ಎಂಬುದನ್ನೆಲ್ಲ ಅವನೇ ಹೇಳಿದ. ಅವಳು ಕೇಳಿಸಿಕೊಂಡಳು, ಸೀಟು ಬದಲಿಸಲಿಲ್ಲ. ತನ್ನ ಅಪ್ಪ ಚಿಕ್ಕಸ್ವಾಮಿಯ ಜಮೀನು, ಅಣ್ಣ ಮಹಾದೇವಸ್ವಾಮಿಯ ಕೋಪ, ಇವೆರಡರ ಸುದ್ದಿಯನ್ನು ಅವಳೂ ಹೇಳಿದಳು. ಅವನೂ ಕನ್ನಡಿಯನ್ನು ವಾಪಸ್ ತಿರುಗಿಸಲಿಲ್ಲ.

ಒಂದು ಭಾನುವಾರ ಹುಲ್ಲಹಳ್ಳಿ ಕಡೆಯ ಖಾಲಿ ರಸ್ತೆಯಲ್ಲಿ ಅವಳು ಸ್ಟೇರಿಂಗ್ ಹಿಡಿದಳು. ಅಪ್ಪನ ಟ್ರ್ಯಾಕ್ಟರ್ ಓಡಿಸಿ ಪಳಗಿದ ಕೈ. ಅವನು ಹೇಳಿಕೊಡಲು ಏನೂ ಉಳಿದಿರಲಿಲ್ಲ. ಗೇರ್ ಮೇಲಿದ್ದ ಅವಳ ಕೈ ಮೇಲೆ ಸುಮ್ಮನೆ ಕೈ ಇಟ್ಟ. ಎದುರಿನಿಂದ ಬಂದ ಸ್ಕೂಟರಿನವನು ಅದನ್ನು ನೋಡಿದ. ಅವನು ಮಹಾದೇವಸ್ವಾಮಿಯ ಸ್ನೇಹಿತ.

ಅವಳು ಮನೆಗೆ ಹೋದಾಗ ಅಣ್ಣ ಜಗಲಿಯಲ್ಲೇ ಕಾದಿದ್ದ. ಕೈಯಲ್ಲಿ ಟ್ರ್ಯಾಕ್ಟರಿನ ಹಳೆಯ ಫ್ಯಾನ್ ಬೆಲ್ಟ್ ಇತ್ತು. ಅವಳು ಬೆನ್ನು ಕೊಟ್ಟಳು, ಅಳು ಕೊಡಲಿಲ್ಲ. ಅದು ಅವನನ್ನು ಇನ್ನಷ್ಟು ಕೆರಳಿಸಿತು. ಬೆಲ್ಟು ರವಿಕೆಯನ್ನು ಹರಿದು ಬೆನ್ನಿಗೆ ಇಳಿಯಿತು. ಅಪ್ಪ ತೂಗುಯ್ಯಾಲೆಯಿಂದ ಏಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅವ್ವ ಸಾಕಮ್ಮ ಸೆರಗು ಕಚ್ಚಿಕೊಂಡು ನಿಂತಿದ್ದಳು.

"ಯಾರ್ ಗಾಡಿ ಅತ್ತಿದೀಯ ಗೊತ್ತಾ?" ಎಂದ ಅಣ್ಣ, ಏದುಸಿರು ಬಿಡುತ್ತಾ.

"ಗೊತ್ತು. ಹೆಸರು, ಊರು, ಕೇರಿ ಎಲ್ಲಾ ಗೊತ್ತು."

ಬೆಲ್ಟು ಮತ್ತೆ ಎದ್ದಿತು. ಅವಳನ್ನು ಕಣಜದ ಕೋಣೆಯಲ್ಲಿ ಕೂಡಿಹಾಕಿದರು.

ಮಾರನೆಯ ದಿನ ಮಹಾದೇವಸ್ವಾಮಿ ನಾಲ್ಕು ಜನರನ್ನು ಕಟ್ಟಿಕೊಂಡು ನಂಜನಗೂಡಿನ ಹೊರಗೆ ಮೆಟಡೋರನ್ನು ಅಡ್ಡಗಟ್ಟಿದ. ಪ್ರಯಾಣಿಕರನ್ನು ಇಳಿಸಿದರು, ಗಾಜು ಪುಡಿ ಮಾಡಿದರು. ಆಮೇಲೆ ಪ್ರೇಮ್‌ಕುಮಾರನ ಬಲಗೈಯನ್ನು ಬಾಗಿಲ ಸಂದಿಗೆ ಇಟ್ಟು, ಬಾಗಿಲನ್ನು ಒದ್ದು ಮುಚ್ಚಿದರು. ಮುಂಗೈ ಮೂಳೆ ಮುರಿದ ಸದ್ದು ದೂರ ನಿಂತವರಿಗೂ ಕೇಳಿಸಿತಂತೆ. ಅವನು ಅವಳ ಹೆಸರು ಹೇಳಿ ಕೂಗಿದನೆಂದು ಮಹಾದೇವಸ್ವಾಮಿ ಊಟದ ಹೊತ್ತಿನಲ್ಲಿ ನಗುತ್ತಾ ಹೇಳಿದ. ಕೋಣೆಯೊಳಗೆ ಅದನ್ನು ಕೇಳಿಸಿಕೊಂಡ ದಾಕ್ಷಾಯಿಣಿ ಮೊದಲ ಸಲ ಅತ್ತಳು.

ಗಂಡಸರು ಗದ್ದೆಗೆ ಹೋಗಿದ್ದ ಒಂದು ಬೆಳಿಗ್ಗೆ ಸಾಕಮ್ಮ ಚಿಲಕ ತೆಗೆದಳು. ಮಗಳ ಕೈಗೆ ಒದ್ದೆ ಬಟ್ಟೆಯ ಬಕೆಟ್ ಕೊಟ್ಟಳು.

"ಇತ್ಲಲ್ಲಿ ಒಣಗಾಕ್ಬುಟ್ಟು ಬಾ."

ದಾಕ್ಷಾಯಿಣಿ ಅವ್ವನ ಮುಖ ನೋಡಿದಳು.

"ನಿದಾನ್ವಾಗ್ ಬಾ ಕಣವ್ವ. ಅವಸರ ಇಲ್ಲ" ಎಂದು ಸಾಕಮ್ಮ ಒಳಗೆ ಹೋಗಿ ಒಲೆ ಊದತೊಡಗಿದಳು.

ಬಕೆಟ್ಟು ಹಿತ್ತಲಲ್ಲೇ ಉಳಿಯಿತು. ದಾಕ್ಷಾಯಿಣಿ ಬಾಳೆ ತೋಟದೊಳಗೆ ನಡೆದು, ಸಿಕ್ಕಿದ ಗಾಡಿ ಹತ್ತಿ ತಾಂಡವಪುರ ತಲುಪಿದಳು. ಕೈಗೆ ಪ್ಲಾಸ್ಟರ್ ಕಟ್ಟಿಸಿಕೊಂಡು ಪ್ರೇಮ್‌ಕುಮಾರ್ ಅಂಗಳದಲ್ಲಿ ಕೂತಿದ್ದ. ಅವನ ತಾಯಿ ಪುಟ್ಟಮಾದಮ್ಮ ಅವಳ ಬೆನ್ನ ಮೇಲೆ ರವಿಕೆಗೆ ಅಂಟಿದ್ದ ರಕ್ತ ನೋಡಿ, ಬಿಸಿನೀರು ಕಾಯಿಸಿದಳು. ದೊಡ್ಡಮಾದಯ್ಯ ಮಾತ್ರ ಕೈ ಮುಗಿದ.

"ನೀನ್ ಇಲ್ಲಿದ್ರೆ ನಮ್ ಕೇರಿಗೇ ಬೆಂಕಿ ಆಕ್ತರೆ ಕಣವ್ವಾ."

"ನಾವಿಬ್ರೂ ಇರಲ್ಲ" ಎಂದಳು ಅವಳು. ಪ್ರೇಮ್‌ಕುಮಾರನ ಕಡೆ ತಿರುಗಿದಳು. "ಗಾಡಿ ಓಡ್ತದಾ?"

"ಗಾಜಿಲ್ಲ. ಓಡ್ತದೆ. ಆದ್ರೆ ಓಡಿಸಕ್ಕೆ ನನಗೆ ಕೈಯಿಲ್ಲ ಮೇಡಂ."

"ನನಗೆ ಎರಡಿವೆ. ಕೀ ಕೊಡಿ."

ಕೊಳ್ಳೇಗಾಲದ ಕಡೆಯ ಒಂದು ಬುದ್ಧವಿಹಾರದಲ್ಲಿ ಅವರ ಮದುವೆ ಆಯಿತು. ಅವನು ಎಡಗೈಯಲ್ಲೇ ಹಾರ ಹಾಕಿದ, ಅರ್ಧಕ್ಕೆ ಸಿಕ್ಕಿಕೊಂಡಿತು. ಅವಳೇ ತಲೆ ಬಗ್ಗಿಸಿ ಒಳಗೆ ನುಸುಳಿದಳು. ತಿ. ನರಸೀಪುರದಲ್ಲಿ ಸುಬ್ಬಲಕ್ಷ್ಮಮ್ಮ ಎಂಬ ಮುದುಕಿ ಒಂದು ಕೋಣೆ ಕೊಟ್ಟಳು. ಹಾಲುಕ್ಕಿಸಿದ ಪಾತ್ರೆ ಆರುವ ಮುಂಚೆ ಮಹಾದೇವಸ್ವಾಮಿಯ ಜನ ಬಂದು ಬಾಗಿಲನ್ನು ಕೊಡಲಿಯಿಂದ ಸೀಳಿದರು. ಗಂಡಹೆಂಡಿರು ಅಂಗಡಿಗೆ ಹೋಗಿದ್ದರಿಂದ ಉಳಿದರು. ಸುಬ್ಬಲಕ್ಷ್ಮಮ್ಮ ಸೀಳಿದ ಹಲಗೆಗಳನ್ನು ಒಟ್ಟುಮಾಡುತ್ತಾ, "ಬೈಕೋಬ್ಯಾಡಿ ಮಕ್ಕಳೇ, ನನಗೆ ವಯಸ್ಸಾಯ್ತು, ಬ್ಯಾರೆ ಕಡೆ ನೋಡ್ಕಳಿ" ಎಂದಳು. ಮೈಸೂರಿಗೂ ಹೋಗಿ ಮನೆ ಕೇಳಿದರು. ಅಲ್ಲೂ ಯಾರೋ ಮೊದಲೇ ಬಂದು ಹೆದರಿಸಿ ಹೋಗಿರುತ್ತಿದ್ದರು.

ಹಾಗಾಗಿ ಮೆಟಡೋರೇ ಮನೆಯಾಯಿತು. ಹಿಂದಿನ ಸೀಟುಗಳನ್ನು ಕಿತ್ತು ಹಲಗೆ ಹೊಡೆದರು. ಒಂದು ಹಾಸಿಗೆ, ಪಂಪ್ ಸ್ಟೌವು, ಬಿಂದಿಗೆ, ಕನ್ನಡಿ, ಅವಳ ಹೊಲಿಗೆ ಕತ್ತರಿ. ಹಿಂದಕ್ಕೂ ಮುಂದಕ್ಕೂ ನಡುವೆ ಒಂದು ಹಳೆಯ ಸೀರೆಯ ಪರದೆ. ರೇಷ್ಮೆಗೂಡಿನ ಕಾಲದಲ್ಲಿ ಗೂಡು, ಮದುವೆ ಕಾಲದಲ್ಲಿ ಪಾತ್ರೆ, ಅದಿಲ್ಲದಿದ್ದರೆ ಬಾಳೆಗೊನೆ ಸಾಗಿಸುತ್ತಾ ಅವರು ಊರೂರು ಸುತ್ತಿದರು. ಮೂಗೂರು, ತಲಕಾಡು, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು, ಚಾಮರಾಜನಗರ, ಗುಂಡ್ಲುಪೇಟೆ, ಮತ್ತೆ ವಾಪಸ್. ಕಳಲೆಯ ರಸ್ತೆಯೊಂದನ್ನು ಬಿಟ್ಟು ಮಿಕ್ಕ ರಸ್ತೆಗಳೆಲ್ಲ ಅವರವೇ.

ಸೀರೆ ಉಟ್ಟ ಹೆಂಗಸು ಮೆಟಡೋರ್ ಓಡಿಸುವುದನ್ನು ನೋಡಲು ಜನ ಗದ್ದೆಯ ಬದುವಿಗೆ ಓಡಿ ಬರುತ್ತಿದ್ದರು. ಒಂದೂರಿನಲ್ಲಿ ಅರಳಿಕಟ್ಟೆಯ ಮೇಲಿದ್ದವರಲ್ಲೊಬ್ಬ ಕಲ್ಲು ಬೀಸಿದ. ಹೊಸ ಗಾಜು ಜೇಡರ ಬಲೆಯಂತೆ ಬಿರಿದು, ಒಂದು ಚೂರು ಅವಳ ಹುಬ್ಬಿಗೆ ಹೊಕ್ಕಿತು. ಅವಳು ಗಾಡಿ ನಿಲ್ಲಿಸಲಿಲ್ಲ. ಊರು ದಾಟಿದ ಮೇಲೆ ಹೊಂಗೆ ಮರದ ನೆರಳಲ್ಲಿ ಅವನು ಎಡಗೈಯಿಂದ ಆ ಚೂರು ತೆಗೆದ. ಅವನ ಉಸಿರು ಅವಳ ಹಣೆಗೆ ತಾಗುತ್ತಿತ್ತು. ಚೂರು ಬಂದ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಹಾಗೆಯೇ ಇದ್ದರು.

"ಬಂತಾ?"

"ಬಂತು ಮೇಡಂ."

"ಮತ್ತೆ ಏನು ಹುಡುಕ್ತಿದೀರ?"

ಅವನು ನಾಚಿ ಹಿಂದೆ ಸರಿದ.

ಅದೇ ಅವಳ ಸಂಕಟ. ಮದುವೆಯಾದ ಮೇಲೂ ಅವನಿಗೆ ಅವಳು ಮೇಡಂ. ಕತ್ತಲಾದರೆ ಪರದೆ ಎಳೆದು, ಅವಳನ್ನು ಹಾಸಿಗೆಗೆ ಬಿಟ್ಟು, ತಾನು ಮುಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗುತ್ತಿದ್ದ. ಕೈ ನೋವು ಅನ್ನುತ್ತಿದ್ದ. ಪ್ಲಾಸ್ಟರ್ ಬಿಚ್ಚಿದ ಮೇಲೂ ಅಲ್ಲೇ ಮಲಗಿದ. ಬೆಳಿಗ್ಗೆ ಪರದೆಯ ಸಂದಿಯಿಂದ ಕಾಫಿ ಲೋಟ ಬರುತ್ತಿತ್ತು, ಲೋಟ ಹಿಡಿದ ಬೆರಳು ಬರುತ್ತಿತ್ತು. ಅವಳು ಬೇಕೆಂದೇ ಬೆರಳಿನ ಮೇಲೆ ಬೆರಳಿಟ್ಟು ತಡ ಮಾಡಿ ತೆಗೆದುಕೊಳ್ಳುತ್ತಿದ್ದಳು. ಕಾಫಿ ಆರುತ್ತಿತ್ತು. ನಾಲೆಯ ಮೆಟ್ಟಿಲಲ್ಲಿ ಅವಳು ತಲೆಗೆ ಸೀಗೆ ಹಚ್ಚಿ ಕೂತರೆ ಅವನು ಚೊಂಬಿನಿಂದ ನೀರು ಹುಯ್ಯುತ್ತಿದ್ದ. ಬೆನ್ನಿನ ಬೆಲ್ಟಿನ ಗೆರೆಗಳ ಹತ್ತಿರ ಬಂದಾಗ ಚೊಂಬನ್ನು ಇನ್ನಷ್ಟು ಕೆಳಗಿಳಿಸಿ ನಿಧಾನವಾಗಿ ಬಗ್ಗಿಸುತ್ತಿದ್ದ.

ಒಂದು ದಿನ ಕೇಳಿಯೇಬಿಟ್ಟಳು. "ಅಣ್ಣನ ಮೇಲಿನ ಹಟಕ್ಕೆ ನಿಮ್ಮ ಜೊತೆ ಬಂದೆ ಅಂತ ಅನ್ಕೊಂಡಿದೀರಾ?"

ಅವನು ಇಳಿದು ಹೋಗಿ ಚಕ್ರದ ಗಾಳಿ ನೋಡುವವನ ಹಾಗೆ ಕುಕ್ಕರಗಾಲಲ್ಲಿ ಕೂತ. ಅವಳಿಗೆ ಆ ಮೌನ ಬೆಲ್ಟಿಗಿಂತ ಉರಿಯಿತು.

ಸುಗ್ಗಿ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಮೂಗೂರಿನಿಂದ ತಿ. ನರಸೀಪುರಕ್ಕೆ ಬರುವ ನಾಲೆ ಏರಿಯ ಮೇಲೆ ಚಕ್ರ ಪಂಚರ್ ಆಯಿತು. ಎರಡೂ ಕಡೆ ಆಳೆತ್ತರದ ಕಬ್ಬು. ಅವಳು ಜಾಕ್ ಕೊಟ್ಟು, ಸ್ಟೆಪ್ನಿ ಏರಿಸಿ, ನಟ್ಟುಗಳನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. ಪ್ರೇಮ್‌ಕುಮಾರ್ ಪಂಚರ್ ಆದ ಚಕ್ರವನ್ನು ಹಿಂದಕ್ಕೆ ಉರುಳಿಸುತ್ತಿದ್ದ. ಬೈಕ್ ಬಂದು ನಿಂತಿತು. ಓಡಿಸುತ್ತಿದ್ದವನನ್ನು ಅವಳು ಗುರುತಿಸಲಿಲ್ಲ. ಹಿಂದಿನಿಂದ ಇಳಿದವನು ಮಹಾದೇವಸ್ವಾಮಿ. ಕೈಯಲ್ಲಿ ಕಬ್ಬು ಕಡಿಯುವ ಮಚ್ಚು.

ಅವನು ತಂಗಿಯ ಕಡೆ ನೋಡಲೇ ಇಲ್ಲ. ನೇರವಾಗಿ ಪ್ರೇಮ್‌ಕುಮಾರನ ಮೇಲೆ ನುಗ್ಗಿದ. ಮೊದಲ ಏಟು ಎಡ ಭುಜಕ್ಕೆ ಬಿತ್ತು. ಅಂಗಿ ತೆರೆದುಕೊಂಡಿತು, ಒಳಗಿನ ಮಾಂಸ ತೆರೆದುಕೊಂಡಿತು. ಪ್ರೇಮ್‌ಕುಮಾರ್ ಚಕ್ರವನ್ನು ಅಡ್ಡ ಹಿಡಿದ. ಎರಡನೆಯ ಏಟು ರಬ್ಬರಿಗೆ ಕಚ್ಚಿಕೊಂಡಿತು. ಮಚ್ಚು ಕೀಳಲು ಮಹಾದೇವಸ್ವಾಮಿ ಕಾಲು ಕೊಟ್ಟು ಎಳೆಯುವಾಗ ದಾಕ್ಷಾಯಿಣಿ ಜಾಕ್ ರಾಡ್ ಹಿಡಿದು ಹಿಂದಿನಿಂದ ಬಂದಳು.

ಮೊಣಕಾಲಿಗೆ ಹೊಡೆದಳು. ಅವನು ತಿರುಗಿದ. ಮಚ್ಚು ಬಿಡಿಸಿಕೊಂಡು ಬಂದು ಗಾಳಿಯಲ್ಲಿ ಬೀಸಿತು. ಅವಳು ಮೊಣಕೈಗೆ ಹೊಡೆದಳು. ಅವನು ಆಯ ತಪ್ಪಿ ತನ್ನದೇ ಮಚ್ಚಿನ ಮೇಲೆ ಬಿದ್ದ. ಅಲಗು ತೊಡೆಯನ್ನು ಆಳಕ್ಕೆ ಸೀಳಿತು. ಅಲ್ಲಿಗೆ ಮುಗಿಯಬೇಕಿತ್ತು. ಬಿದ್ದವನ ತಲೆಗೆ ಅವಳು ಇನ್ನೊಂದು ಏಟು ಹಾಕಿದಳು. ಬೈಕಿನವನು ಅದನ್ನು ನೋಡಿದವನೇ ಗಾಡಿ ತಿರುಗಿಸಿಕೊಂಡು ಓಡಿಹೋದ.

ರಾಡ್ ಮತ್ತೆ ಮೇಲೆದ್ದಾಗ ಪ್ರೇಮ್‌ಕುಮಾರ್ ಅದನ್ನು ಹಿಡಿದುಕೊಂಡ.

"ಸಾಕು ದಾಕ್ಷಿ."

ಹಾಗೆ ಅವನು ಎಂದೂ ಕರೆದಿರಲಿಲ್ಲ. ಅವಳ ಮುಷ್ಟಿ ಸಡಿಲವಾಯಿತು.

"ಬಿಡಿ, ಇಲ್ಲೇ ಸಾಯ್ಲಿ. ಹತ್ತಿ, ಹೋಗೋಣ. ನಿಮ್ಮ ಭುಜ ನೋಡ್ಕೊಳ್ಳಿ."

"ಇವನು ಸತ್ರೆ ಎಲ್ಲೂ ಹೋಗಲ್ಲ ಕಣೇ. ನಾವು ಸಾಯೋವರೆಗೂ ನಮ್ಮಿಬ್ಬರ ಮಧ್ಯ ಮಲಗಿರ್ತಾನೆ." ಅವನು ತನ್ನ ಟವಲ್ಲನ್ನು ಬಾಯಲ್ಲಿ ಕಚ್ಚಿ ಹರಿದು, ಮಹಾದೇವಸ್ವಾಮಿಯ ತೊಡೆಯ ಮೇಲ್ಭಾಗಕ್ಕೆ ಬಿಗಿಯಾಗಿ ಕಟ್ಟತೊಡಗಿದ. ಅವನ ಭುಜದ ರಕ್ತ ಅಣ್ಣನ ಎದೆಯ ಮೇಲೆ ತೊಟ್ಟಿಕ್ಕುತ್ತಿತ್ತು. "ನಟ್ ಬಿಗಿ ಮಾಡು. ಬೇಗ."

ಅವಳು ನಟ್ ಬಿಗಿ ಮಾಡಿದಳು. ರಕ್ತಕ್ಕೆ ಸ್ಪ್ಯಾನರ್ ಜಾರುತ್ತಿತ್ತು. ಮಣ್ಣು ಬಳಿದುಕೊಂಡು ಮತ್ತೆ ಹಿಡಿದಳು. ಇಬ್ಬರೂ ಸೇರಿ ಮಹಾದೇವಸ್ವಾಮಿಯನ್ನು ಎತ್ತಿ, ತಾವು ಒಟ್ಟಿಗೆ ಒಂದು ದಿನವೂ ಮಲಗದ ಆ ಹಾಸಿಗೆಯ ಮೇಲೆ ಮಲಗಿಸಿದರು. ಅವಳು ಸ್ಟೇರಿಂಗಿಗೆ ಓಡಿದಳು. ಅವನು ಹಿಂದೆ ಕೂತು, ಆ ತೊಡೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದ.

ಏರಿಯ ಹೊಂಡಗಳಲ್ಲಿ ಗಾಡಿ ಎದ್ದು ಬೀಳುವಾಗ ಮಹಾದೇವಸ್ವಾಮಿಗೆ ಎಚ್ಚರವಾಯಿತು. ತಲೆಯ ಮೇಲೆ ನೇತಾಡುವ ಕನ್ನಡಿ, ಕುಂಕುಮದ ಡಬ್ಬಿ, ಮಡಚಿಟ್ಟ ಎರಡು ಸೀರೆ, ಎಲ್ಲವನ್ನೂ ನೋಡಿದ.

"ಇಷ್ಟೇನಾ ನಿನ್ ಮನೆ?"

"ಇಷ್ಟೇ" ಎಂದಳು ಅವಳು ಮುಂದಿನಿಂದ. "ಇದನ್ನೂ ನೀನು ಬಿಡಲಿಲ್ಲ."

ಸ್ವಲ್ಪ ಹೊತ್ತಾದ ಮೇಲೆ ಅವನು ನೀರು ಕೇಳಿದ. ಪ್ರೇಮ್‌ಕುಮಾರ್ ಒಂದು ಕೈಯಿಂದ ತೊಡೆ ಅದುಮಿಕೊಂಡೇ ಬಿಂದಿಗೆಯಿಂದ ಲೋಟ ತುಂಬಿ ಬಾಯಿಗೆ ಹಿಡಿದ. ಮಹಾದೇವಸ್ವಾಮಿ ಮುಖ ತಿರುಗಿಸಿದ.

"ಇವನ್ ಕೈಲಿ ಬ್ಯಾಡ. ನೀನ್ ಕೊಡು."

"ನಾನು ಗಾಡಿ ನಿಲ್ಲಿಸಿದ್ರೆ ನೀನು ಉಳಿಯಲ್ಲ" ಎಂದಳು. "ಅವರ ಕೈಲಿ ಕುಡಿ, ಇಲ್ಲ ಸುಮ್ಮನೆ ಮಲಕ್ಕೋ."

ಗಾಡಿ ಇನ್ನೂ ಎರಡು ಮೂರು ಹೊಂಡ ದಾಟಿತು. ಆಮೇಲೆ ಲೋಟಕ್ಕೆ ಹಲ್ಲು ತಾಗಿದ ಸದ್ದು, ಗಟಗಟ ಕುಡಿದ ಸದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ. ಕಣ್ಣು ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ, ಅದು ತಾನಾಗಿ ಹರಿಯಿತು.

ತಿ. ನರಸೀಪುರದ ಆಸ್ಪತ್ರೆಯಲ್ಲಿ ಅವನಿಗೆ ಹೊಲಿಗೆ ಹಾಕಿ, ರಕ್ತ ಏರಿಸಿ ಉಳಿಸಿದರು. ಪ್ರೇಮ್‌ಕುಮಾರನ ಭುಜಕ್ಕೂ ಹೊಲಿದರು. ದಾಕ್ಷಾಯಿಣಿ ವಾರ್ಡಿನ ಹೊರಗೆ ಬೆಂಚಿನ ಮೇಲೆ, ಪೊಲೀಸರು ಕರೆದಾಗ ಏಳಲು ಸಿದ್ಧಳಾಗಿ ಕೂತಿದ್ದಳು. ಒಬ್ಬ ಹೆಡ್ ಕಾನ್‌ಸ್ಟೇಬಲ್ ಬಂದ. ಕಿಟಕಿ ತೆರೆದಿತ್ತು, ಒಳಗಿನ ಮಾತು ಕೇಳುತ್ತಿತ್ತು.

"ಯಾರ್ ಹೊಡೆದ್ರು?"

"ಯಾರೂ ಇಲ್ಲ ಸಾ. ಬೈಕಿಂದ ಬಿದ್ದೆ. ಕಬ್ಬಿನ್ ಮಚ್ಚು ಕೈಲಿತ್ತು."

"ತಲೆಗೆ?"

"ಕಲ್ಲು ಬಡೀತು ಸಾ."

ಕಾನ್‌ಸ್ಟೇಬಲ್ ಬರೆದುಕೊಂಡು ಹೋದ. ಅವಳು ಒಳಗೆ ಹೋಗಿ ಮಂಚದ ಕಾಲ ಬಳಿ ನಿಂತಳು. ಅಣ್ಣ ಗೋಡೆ ನೋಡುತ್ತಾ ಮಲಗಿದ್ದ.

"ನಿನ್ನ ಉಳಿಸಕ್ಕೆ ಅಂಗ್ ಅನ್ನಲಿಲ್ಲ" ಎಂದ. "ತಂಗಿ ಕೈಲಿ ಏಟ್ ತಿಂದ ಅನ್ನುಸ್ಕೊಂಡು ಕಳಲೆ ಬೀದೀಲಿ ಓಡಾಡಕ್ಕೆ ಆಗಕಿಲ್ಲ ನನ್ ಕೈಲಿ. ನೀನ್ ಸತ್ತೋದೆ ಅಂತ ಏಳ್ತೀನಿ ಅಪ್ಪಂಗೆ. ಉಡುಕೋಕೆ ಯಾರೂ ಬರಕಿಲ್ಲ ಇನ್ಮೇಲೆ. ಓಗು."

"ಅವ್ವಂಗೆ?"

ಅವನು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡ. "ಅವ್ವ ನಂಬಕಿಲ್ಲ" ಎಂದ.

ಅವಳು ಹೊರಗೆ ಬಂದಳು.

ಮಾರನೆಯ ಬೆಳಿಗ್ಗೆ ಕಾವೇರಿ ಕಪಿಲೆ ಕೂಡುವ ದಂಡೆಯಲ್ಲಿ ಮೆಟಡೋರ್ ನಿಲ್ಲಿಸಿದರು. ರಕ್ತ ಕುಡಿದ ಹಾಸಿಗೆಯನ್ನು ಸುಟ್ಟರು. ಅವಳು ಬಕೆಟ್ಟಿನಿಂದ ನೀರು ಹುಯ್ದು ಹಲಗೆ ಉಜ್ಜಿದಳು. ಒಂದೇ ಕೈ ಆಡುತ್ತಿದ್ದರೂ ಅವನು ಪೊರಕೆ ಹಿಡಿದ. ಕೆಂಪು ನೀರು ತಿಳಿಯಾಗಲು ಬಹಳ ಹೊತ್ತು ಹಿಡಿಯಿತು.

"ಕೊನೇ ಏಟು," ಎಂದಳು ಅವಳು, ಉಜ್ಜುವುದನ್ನು ನಿಲ್ಲಿಸದೆ, "ಅವನು ಬಿದ್ದ ಮೇಲೆ ಹಾಕಿದ್ದು."

"ನೋಡ್ದೆ."

"ನನ್ನ ಕೈ ನಡುಗಲೇ ಇಲ್ಲ. ಅವನ ಥರಾನೇ ಹೊಡೆದೆ. ಅದೇ ಮನೆಯವಳು ನಾನೂ." ಅವಳು ಅದೇ ಹಲಗೆಯನ್ನು ಇನ್ನೂ ಜೋರಾಗಿ ಉಜ್ಜಿದಳು. "ನಿಮಗೆ ನನ್ನ ಕಂಡ್ರೆ ಭಯ ಆಗಲ್ವಾ?"

"ಆಗ್ತದೆ." ಅವನು ಪೊರಕೆ ಕೆಳಗಿಟ್ಟ. "ಮೊದಲ್ನೇ ದಿನದಿಂದ್ಲೂ ಆಗ್ತಿದೆ. ಆದ್ರೆ ಅದಕ್ಕಲ್ಲ ನಾನು ಮುಂದೆ ಮಲಗ್ತಿದ್ದಿದ್ದು."

ಅವಳು ಉಜ್ಜುವುದನ್ನು ನಿಲ್ಲಿಸಿದಳು.

"ಬಾಗಿಲ ಸಂದಿಗೆ ಕೈ ಇಟ್ಟಾಗ ನಿನ್ನ ಹೆಸರು ಕೂಗಿದ್ದೆ. ಆಮೇಲೆ ಇನ್ನೊಂದು ಮಾತೂ ಅಂದೆ. ಬಿಟ್ಬಿಡಿ ಅಣ್ಣ, ಅವಳ ಸಹವಾಸಕ್ಕೆ ಬರಲ್ಲ ಅಂದೆ. ಅತ್ತು ಅಂದೆ. ಆದ್ರೂ ಅವರು ಮುರುದ್ರು. ನೀನು ಬೆನ್ನು ತುಂಬಾ ಬಾಸುಂಡೆ ಹೊತ್ಕೊಂಡು, ಒಂದು ಹನಿ ಕಣ್ಣೀರು ಹಾಕದೆ ಬಂದು ಕೀ ಕೇಳ್ದೆ. ನಿನ್ನ ಪಕ್ಕ ಯಾವ ಮುಖ ಇಟ್ಕೊಂಡು ಮಲಗ್ಲಿ?"

ಹೊಳೆಯ ಮೇಲೆ ತೆಪ್ಪದವನೊಬ್ಬ ಯಾರನ್ನೋ ಕೂಗುತ್ತಿದ್ದ. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಅವನ ಮುರಿದು ಕೂಡಿದ ಬಲಗೈಯನ್ನು ಎತ್ತಿ, ಮೂಳೆ ಉಬ್ಬಿ ನಿಂತ ಕಡೆಗೆ ತುಟಿ ಒತ್ತಿದಳು.

"ನಾನೂ ಅತ್ತಿದ್ದೆ. ಕಣಜದ ಕೋಣೇಲಿ. ನಿನಗೆ ಯಾರೂ ಹೇಳ್ಲಿಲ್ಲ" ಎಂದಳು. ನೀವು ಅನ್ನುವುದು ಬಿಟ್ಟುಹೋದದ್ದು ಇಬ್ಬರಿಗೂ ಕೇಳಿಸಿತು.

"ಇಷ್ಟ ಕಣೇ ನೀನು ನಂಗೆ" ಎಂದ ಅವನು, ಹೊಳೆಯ ಕಡೆ ನೋಡಿಕೊಂಡು. "ಬಹಳ ಇಷ್ಟ."

"ನನ್ನ ನೋಡಿ ಹೇಳು."

ಅವನು ತಿರುಗಿ, ನೋಡಿ, ಇನ್ನೊಂದು ಸಲ ಹೇಳಿದ.

ಹಲಗೆ ಇನ್ನೂ ಒದ್ದೆಯಿತ್ತು. ಹಿಂದೆ ಮಲಗುವಂತಿರಲಿಲ್ಲ. ಇಬ್ಬರೂ ಮುಂದಿನ ಸೀಟಿನಲ್ಲೇ ಒತ್ತಿಕೊಂಡು ಕೂತರು. ಬಿಸಿಲು ಏರುತ್ತಾ ಬಂದಂತೆ, ಇರುಳೆಲ್ಲ ಕಣ್ಣು ಮುಚ್ಚದ ಪ್ರೇಮ್‌ಕುಮಾರ್ ಅವಳ ಹೆಗಲಿಗೆ ತಲೆ ಕೊಟ್ಟು ನಿದ್ದೆ ಹೋದ. ಗೇರ್ ಸರಳು ಮಂಡಿಗೆ ಒತ್ತಿ ನೋಯುತ್ತಿತ್ತು. ಅವಳು ಅಲುಗಾಡಲಿಲ್ಲ.